ಅಮೆರಿಕ ವೀಸಾ: ಸರತಿ ಉದ್ದವಾದದ್ದೇಕೆ, ಕಿಟಕಿಯ ಮುಂದೆ ನಿಲ್ಲುವ ಮುನ್ನ ಏನು ಮಾಡಬೇಕು

ರಜೆಗೆ ಊರಿಗೆ ಬಂದು, ಹಾಗೇ ಸ್ಟ್ಯಾಂಪಿಂಗ್ (ಪಾಸ್‌ಪೋರ್ಟ್‌ನಲ್ಲಿ ಹೊಸ ವೀಸಾ ಅಂಟಿಸಿಕೊಳ್ಳುವುದು) ಮುಗಿಸಿಕೊಂಡು ಹೋಗೋಣ ಎಂದುಕೊಂಡಿದ್ದ, ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವ ಅನೇಕ ನೌಕರರಿಗೆ 2025ರ ಡಿಸೆಂಬರ್ ಎರಡನೇ ವಾರದಲ್ಲಿ ಇಮೇಲ್ ಬಂತು. ಡಿಸೆಂಬರ್ 15ರ ನಂತರ ನಿಗದಿಯಾಗಿದ್ದ ಸಂದರ್ಶನ ರದ್ದಾಗಿದೆ, ಹೊಸ ತಾರೀಖು 2026ರ ಮಾರ್ಚ್‌ಗೆ ಅಥವಾ ಅದರಾಚೆಗೆ ಹೋಗಿದೆ ಎಂಬುದು ಅದರ ಸಾರಾಂಶ. ಹಳೆಯ ತಾರೀಖಿನಂದು ಬಂದರೆ ಒಳಗೆ ಬಿಡುವುದಿಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ಸಾರ್ವಜನಿಕವಾಗಿಯೇ ಹೇಳಿತು. ವಾಪಸ್ಸಿನ ಟಿಕೆಟ್ ಕೈಯಲ್ಲಿ, ಮನೆ ಬಾಡಿಗೆ ಅಲ್ಲಿ, ಮಕ್ಕಳ ಶಾಲೆ ಅಲ್ಲಿ, ತಾವು ಮಾತ್ರ ಇಲ್ಲಿ ಎಂಬ ಸ್ಥಿತಿ ಬಂತು.

ಆಮೇಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ ಸುದ್ದಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದವು. ಎಚ್-1ಬಿ ನಿಂತುಹೋಯಿತಂತೆ, ಸ್ಟ್ಯಾಂಪಿಂಗ್‌ಗೂ ಒಂದು ಲಕ್ಷ ಡಾಲರ್ ಕಟ್ಟಬೇಕಂತೆ, ಅಪ್ಪ-ಅಮ್ಮನ ವಿಸಿಟರ್ ವೀಸಾ ಕೂಡ ಬಂದ್ ಆಯಿತಂತೆ ಎಂಬ ಮಾತುಗಳು ಹಬ್ಬಿದವು. ಮೂರೂ ತಪ್ಪು. ಆದರೆ ಮೂರಕ್ಕೂ ಬೇರೆಬೇರೆ ನಿಜಗಳ ಎಳೆ ಅಂಟಿಕೊಂಡಿದೆ. 2025ರಲ್ಲಿ ಒಂದರ ಹಿಂದೊಂದು ಬಂದ ನಿಯಮಗಳು ಒಂದೇ ಸುದ್ದಿಯಾಗಿ ಕಲಸಿಹೋದದ್ದರಿಂದ, ತಮ್ಮ ಪ್ರಕರಣಕ್ಕೆ ಯಾವುದು ತಾಗುತ್ತದೆ ಎಂಬುದು ಅರ್ಜಿದಾರರಿಗೇ ತಿಳಿಯುತ್ತಿಲ್ಲ. ಸಿದ್ಧತೆ ಶುರುವಾಗಬೇಕಾದದ್ದು ಇವುಗಳನ್ನು ಬಿಡಿಸಿ ನೋಡುವುದರಿಂದ.

ವೀಸಾ ಬೇರೆ, ಸ್ಟೇಟಸ್ ಬೇರೆ

ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ವೀಸಾ ಅಮೆರಿಕದ ಬಾಗಿಲಿಗೆ ಹೋಗಿ ನಿಲ್ಲಲು ಕೊಡುವ ಅನುಮತಿ. ಒಳಗೆ ಎಷ್ಟು ದಿನ ಇರಬಹುದು, ಏನು ಕೆಲಸ ಮಾಡಬಹುದು ಎಂಬುದನ್ನು ತೀರ್ಮಾನಿಸುವುದು ಐ-94 ಎಂಬ ಪ್ರವೇಶ ದಾಖಲೆ, ಸ್ಟೇಟಸ್ ಎನ್ನುವುದು ಇದಕ್ಕೇ. ಎಚ್-1ಬಿಯವರಿಗೆ ಅದರ ಹಿಂದೆ ಐ-797 ಎಂಬ ಪಿಟಿಷನ್ (ನೌಕರರ ಪರವಾಗಿ ಕಂಪನಿ ಸಲ್ಲಿಸುವ ಅರ್ಜಿ) ಮಂಜೂರಾತಿ ಪತ್ರ ಇರುತ್ತದೆ. ಪಿಟಿಷನ್ ಮಂಜೂರು ಮಾಡುವುದು ಯುಎಸ್‌ಸಿಐಎಸ್ ಎಂಬ ವಲಸೆ ಇಲಾಖೆ, ವೀಸಾ ಕೊಡುವುದು ವಿದೇಶಾಂಗ ಇಲಾಖೆಯ ಕಾನ್ಸುಲೇಟ್. ಮೊದಲನೆಯದು ಹೂಂ ಎಂದ ಮಾತ್ರಕ್ಕೆ ಎರಡನೆಯದು ಹೂಂ ಎನ್ನಬೇಕೆಂದಿಲ್ಲ.

ಹಾಗಾಗಿ ಅಮೆರಿಕದೊಳಗೆ ಕೆಲಸ ಮಾಡುತ್ತಿರುವವರ ವೀಸಾ ಸ್ಟ್ಯಾಂಪ್ ಅವಧಿ ಮುಗಿದರೂ ಐ-94 ಚಾಲ್ತಿಯಲ್ಲಿದ್ದರೆ ಅವರ ಇರುವಿಕೆಗೆ ಧಕ್ಕೆ ಇಲ್ಲ. ದೇಶ ಬಿಟ್ಟು ಹೊರಗೆ ಕಾಲಿಟ್ಟ ದಿನ ಸಮಸ್ಯೆ ಶುರು. ಗೂಗಲ್, ಆಪಲ್‌ನಂಥ ಕಂಪನಿಗಳ ಪರ ಕೆಲಸ ಮಾಡುವ ವಲಸೆ ವಕೀಲರು ಹೊಸ ಸ್ಟ್ಯಾಂಪ್ ಬೇಕಾಗುವ ನೌಕರರಿಗೆ ಸದ್ಯ ವಿದೇಶ ಪ್ರಯಾಣ ಬೇಡ ಎಂದು ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ಮದುವೆ, ಗೃಹಪ್ರವೇಶ, ತಂದೆತಾಯಿಯ ಆರೋಗ್ಯ ಎಂದು ಬರಲೇಬೇಕಾದವರಿಗೆ ಈ ಸಲಹೆಯಿಂದ ಸಮಾಧಾನ ಸಿಗದು, ನಿಜ. ಆದರೆ ಟಿಕೆಟ್ ಮಾಡುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪಾಸ್‌ಪೋರ್ಟ್‌ನಲ್ಲಿರುವ ಸ್ಟ್ಯಾಂಪ್ ವಾಪಸ್ಸಿನ ದಿನದವರೆಗೂ ಚಾಲ್ತಿಯಲ್ಲಿರುತ್ತದೆಯೇ? ಇದ್ದರೆ ಈ ಸರತಿಯಲ್ಲಿ ನಿಲ್ಲುವ ಪ್ರಮೇಯವಿಲ್ಲ.

ಸರತಿ ಉದ್ದವಾದ ಬಗೆ

ಕಾಯುವಿಕೆ ಹೊಸದೇನಲ್ಲ. ಕೋವಿಡ್‌ನಲ್ಲಿ ಕಾನ್ಸುಲೇಟ್‌ಗಳು ಮುಚ್ಚಿ, ಮತ್ತೆ ತೆರೆದಾಗ ಬಿ1/ಬಿ2 ವಿಸಿಟರ್ ವೀಸಾ ಸಂದರ್ಶನಕ್ಕೆ ಭಾರತದಲ್ಲಿ ಸುಮಾರು ಸಾವಿರ ದಿನ ಕಾಯಬೇಕಾಗಿತ್ತು. 2023ರಲ್ಲಿ ಸಿಬ್ಬಂದಿ ಹೆಚ್ಚಿಸಿ, ಆ ಒಂದೇ ವರ್ಷ ಭಾರತದಲ್ಲಿ 14 ಲಕ್ಷ ವೀಸಾ ಅರ್ಜಿಗಳನ್ನು ವಿಲೇವಾರಿ ಮಾಡಿ, ಅದನ್ನು ಸುಮಾರು 250 ದಿನಕ್ಕೆ ಇಳಿಸಲಾಯಿತು. ಆ ಇಳಿಕೆಗೆ ದೊಡ್ಡ ನೆರವಾದದ್ದು ಡ್ರಾಪ್‌ಬಾಕ್ಸ್. ಹಿಂದೆ ವೀಸಾ ಪಡೆದವರು ನವೀಕರಣಕ್ಕೆ ಸಂದರ್ಶನವಿಲ್ಲದೆ ದಾಖಲೆಗಳನ್ನು ಕೊಟ್ಟು ಹೋದರೆ ಸಾಕಿತ್ತು. ಹಳೆಯ ವೀಸಾ ಮುಗಿದು 48 ತಿಂಗಳಾಗಿದ್ದರೂ ನಡೆಯುತ್ತಿತ್ತು.

2025ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಲ್ಲಿ 48 ತಿಂಗಳ ಮಿತಿ 12 ತಿಂಗಳಿಗೆ ಇಳಿಯಿತು. ಮೇ 27ರಿಂದ ವಿದ್ಯಾರ್ಥಿ ವೀಸಾಗಳ ಹೊಸ ಅಪಾಯಿಂಟ್‌ಮೆಂಟ್ ನಿಂತು, ಜೂನ್ 18ರಂದು ಸೋಷಿಯಲ್ ಮೀಡಿಯಾ ತಪಾಸಣೆಯ ಷರತ್ತಿನೊಂದಿಗೆ ಮತ್ತೆ ಶುರುವಾಯಿತು. ಸೆಪ್ಟೆಂಬರ್ 2ರಿಂದ ಡ್ರಾಪ್‌ಬಾಕ್ಸ್ ಬಹುತೇಕ ಮುಚ್ಚಿತು. ಎಚ್-1ಬಿ, ಎಫ್-1 (ವಿದ್ಯಾರ್ಥಿಗಳು), ಎಲ್-1 (ಕಂಪನಿಯೊಳಗೇ ವರ್ಗವಾಗಿ ಹೋಗುವವರು) ಎಲ್ಲರೂ ಮುಖತಃ ಬರಬೇಕು, 14 ವರ್ಷದೊಳಗಿನ ಮಕ್ಕಳಿಗೂ 79 ದಾಟಿದ ಹಿರಿಯರಿಗೂ ಇದ್ದ ವಿನಾಯಿತಿ ಹೋಯಿತು. ಅದೇ ಸೆಪ್ಟೆಂಬರ್ 6ರಂದು, ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಸಂದರ್ಶನಕ್ಕೆ ಹೋಗಬೇಕು ಎಂಬ ಸೂಚನೆ ಬಂತು. ಭಾರತದಲ್ಲಿ ಸ್ಲಾಟ್ ಸಿಗದಿದ್ದರೆ ಬೇರೆ ದೇಶಕ್ಕೆ ಹೋಗಿ ಸ್ಟ್ಯಾಂಪ್ ಹಾಕಿಸಿಕೊಂಡು ಬರುತ್ತಿದ್ದವರ ದಾರಿ ಅಲ್ಲಿಗೆ ಮುಚ್ಚಿತು. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಕುಟುಂಬದ ಎಚ್-4 ಅರ್ಜಿದಾರರಿಗೂ ಸೋಷಿಯಲ್ ಮೀಡಿಯಾ ತಪಾಸಣೆ ವಿಸ್ತರಿಸಿತು.

ಒಂದೊಂದೂ ಸಣ್ಣ ಬದಲಾವಣೆಯಂತೆ ಕಂಡೀತು. ಒಟ್ಟಾಗಿ ನೋಡಿದರೆ ಪರಿಣಾಮ ಬೇರೆ. ಡ್ರಾಪ್‌ಬಾಕ್ಸ್‌ನಲ್ಲಿ ಹೋಗುತ್ತಿದ್ದವರು ಸಂದರ್ಶನದ ಸಾಲಿಗೆ ಬಂದರು. ಬೇರೆ ದೇಶಗಳಲ್ಲಿ ಹಂಚಿಹೋಗುತ್ತಿದ್ದವರು ಭಾರತದ ಸಾಲಿಗೆ ಬಂದರು. ಅಷ್ಟರಲ್ಲಿ ಪ್ರತಿ ಅರ್ಜಿಗೆ ಹಿಡಿಯುವ ಸಮಯವೂ ಹೆಚ್ಚಿತು. ಒಂದು ಅರ್ಜಿಯ ಆನ್‌ಲೈನ್ ತಪಾಸಣೆಗೆ ಹತ್ತೇ ನಿಮಿಷ ಹೆಚ್ಚು ಹಿಡಿಯುತ್ತದೆ ಎಂದಿಟ್ಟುಕೊಂಡರೂ ನೂರು ಅರ್ಜಿಗೆ ಸಾವಿರ ನಿಮಿಷ, ಅಂದರೆ ಇಬ್ಬರು ಅಧಿಕಾರಿಗಳ ಪೂರ್ತಿ ದಿನದ ಕೆಲಸ. ಕಿಟಕಿಗಳ ಸಂಖ್ಯೆ ಅಷ್ಟೇ ಇರುವಾಗ ದಿನಕ್ಕೆ ಕರೆಯುವ ಜನರನ್ನು ಕಡಿಮೆ ಮಾಡದೆ ಬೇರೆ ದಾರಿಯಿಲ್ಲ. ಎಚ್-1ಬಿ ಮಂಜೂರಾತಿಗಳಲ್ಲಿ ಹತ್ತರಲ್ಲಿ ಏಳು ಭಾರತೀಯರದು ಎಂಬುದರಿಂದ ಆ ಹೊಡೆತ ಬಿದ್ದದ್ದು ಹೆಚ್ಚಾಗಿ ಇಲ್ಲೇ.

ಬೆಂಗಳೂರಿನವರಿಗೆ ಇನ್ನೊಂದು ಗೊಂದಲವಿದೆ. 2025ರ ಜನವರಿ 17ರಂದು ನಗರದಲ್ಲಿ ಅಮೆರಿಕ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆಯಿಲ್ಲದೆಯೇ ಅದು ಶುರುವಾಯಿತು. ಕರ್ನಾಟಕದವರು ಸಂದರ್ಶನಕ್ಕೆ ಸಾಮಾನ್ಯವಾಗಿ ಹೋಗುವುದು ಚೆನ್ನೈ ಅಥವಾ ಹೈದರಾಬಾದಿಗೆ. ದೆಹಲಿ, ಮುಂಬೈ, ಕೋಲ್ಕತ್ತದಲ್ಲಿ ಸ್ಲಾಟ್ ಕಂಡರೆ ಅಲ್ಲಿಗೂ ಹೋಗಬಹುದು.

ಯಾರ ವಾದ ಏನು

ಅಮೆರಿಕ ಸರ್ಕಾರದ ನಿಲುವು ಸರಳ: ವೀಸಾ ಹಕ್ಕಲ್ಲ, ಪ್ರತಿ ವೀಸಾ ನಿರ್ಣಯವೂ ರಾಷ್ಟ್ರೀಯ ಭದ್ರತೆಯ ನಿರ್ಣಯ. ಬೇಗ ವಿಲೇವಾರಿ ಮಾಡುವುದಕ್ಕಿಂತ ಕೂಲಂಕಷ ಪರಿಶೀಲನೆಗೆ ಈಗ ಆದ್ಯತೆ ಎಂದು ವಿದೇಶಾಂಗ ಇಲಾಖೆ ಮುಚ್ಚುಮರೆಯಿಲ್ಲದೆ ಹೇಳಿದೆ. ವಲಸೆಯನ್ನು ಬಿಗಿಗೊಳಿಸಬೇಕೆನ್ನುವವರು ಇದನ್ನು ಸಮರ್ಥಿಸುತ್ತಾರೆ. ಮುಖವನ್ನೇ ನೋಡದೆ ವೀಸಾ ನವೀಕರಿಸುತ್ತಿದ್ದದ್ದು ಕೋವಿಡ್ ಕಾಲದ ತಾತ್ಕಾಲಿಕ ಏರ್ಪಾಟು, ಅದು ಮುಂದುವರಿದದ್ದೇ ತಪ್ಪು ಎಂಬುದು ಅವರ ವಾದ.

ಕಂಪನಿಗಳೂ ವಕೀಲರೂ ತಪಾಸಣೆಯೇ ಬೇಡ ಎನ್ನುತ್ತಿಲ್ಲ. ವರ್ಷಗಟ್ಟಲೆ ತೆರಿಗೆ ಕಟ್ಟಿ ಕೆಲಸ ಮಾಡುತ್ತಿರುವ, ಸರ್ಕಾರವೇ ಪಿಟಿಷನ್ ಮಂಜೂರು ಮಾಡಿದ ನೌಕರರನ್ನು ಮುನ್ಸೂಚನೆಯಿಲ್ಲದೆ ಹೊರಗೆ ನಿಲ್ಲಿಸಿದ್ದಕ್ಕೆ ಅವರ ಆಕ್ಷೇಪ. ಈ ಆಕ್ಷೇಪದಲ್ಲಿ ತೂಕವಿದೆ. ನಿಯಮ ಪ್ರಕಟವಾದದ್ದು ಡಿಸೆಂಬರ್ ಆರಂಭದಲ್ಲಿ, ಜಾರಿಯಾದದ್ದು ಡಿಸೆಂಬರ್ 15ರಂದು. ಆ ಹೊತ್ತಿಗೆ ಎಷ್ಟೋ ಜನ ವಿಮಾನ ಹತ್ತಿ ಬಂದಾಗಿತ್ತು. ತಪಾಸಣೆಯ ಉದ್ದೇಶಕ್ಕೆ ಧಕ್ಕೆಯಾಗದಂತೆ ಎರಡು ತಿಂಗಳ ಕಾಲಾವಕಾಶ ಕೊಡಬಹುದಿತ್ತು. ಅಮೆರಿಕದೊಳಗೇ ಸ್ಟ್ಯಾಂಪ್ ನವೀಕರಿಸುವ ಪ್ರಯೋಗವನ್ನು ಅದೇ ಇಲಾಖೆ 2024ರ ಜನವರಿಯಿಂದ ಏಪ್ರಿಲ್‌ವರೆಗೆ 20,000 ಎಚ್-1ಬಿ ಅರ್ಜಿಗಳ ಮಿತಿಯಲ್ಲಿ ನಡೆಸಿತ್ತು. ಅದು ಮುಂದುವರಿದಿದ್ದರೆ ಈ ಸಂಕಟದ ದೊಡ್ಡ ಪಾಲು ತಪ್ಪುತ್ತಿತ್ತು.

ಭಾರತ ಸರ್ಕಾರ ವಿಷಯವನ್ನು ಅಮೆರಿಕದ ಗಮನಕ್ಕೆ ತಂದಿದೆ. ಆದರೆ ವೀಸಾ ಕೊಡುವುದು ಆಯಾ ದೇಶದ ಸಾರ್ವಭೌಮ ಅಧಿಕಾರ, ಒತ್ತಾಯಕ್ಕೆ ಮಿತಿಯಿದೆ. ನಾಗರಿಕ ಹಕ್ಕುಗಳ ಪರ ಇರುವವರ ಆತಂಕ ಮತ್ತೊಂದು: ಎಲ್ಲರ ಪ್ರೊಫೈಲ್ ಸಾರ್ವಜನಿಕವಾಗಿರಬೇಕು ಎಂದರೆ ಜನ ಬರೆಯುವುದನ್ನೇ ನಿಲ್ಲಿಸುತ್ತಾರೆ. ಆನ್‌ಲೈನ್ ಸುರಕ್ಷತೆ, ಫ್ಯಾಕ್ಟ್‌ಚೆಕ್, ಕಂಟೆಂಟ್ ಮಾಡರೇಷನ್ ಕೆಲಸ ಮಾಡಿದ ಎಚ್-1ಬಿ ಅರ್ಜಿದಾರರನ್ನು ವಿಶೇಷವಾಗಿ ಪರಿಶೀಲಿಸಬೇಕೆಂಬ ಒಳ ಸುತ್ತೋಲೆಯನ್ನು ರಾಯ್ಟರ್ಸ್ ವರದಿ ಮಾಡಿದೆ. ಇಂಥ ಕೆಲಸ ಮಾಡುವವರು ಬೆಂಗಳೂರಿನ ಟೆಕ್ ಕಚೇರಿಗಳಲ್ಲಿ ಬಹಳ ಮಂದಿ ಇದ್ದಾರೆ. ತಾವು ನಿಜಕ್ಕೂ ಏನು ಮಾಡುತ್ತಿದ್ದೆವು, ಉದಾಹರಣೆಗೆ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ತೆಗೆಯುವ ಕೆಲಸವೋ, ಹಣಕಾಸು ವಂಚನೆ ಹಿಡಿಯುವ ಕೆಲಸವೋ ಎಂಬುದನ್ನು ಅವರು ಸ್ಪಷ್ಟ ಮಾತುಗಳಲ್ಲಿ ಹೇಳಲು ಸಿದ್ಧವಾಗಿರಬೇಕು.

ಊರಲ್ಲೇ ಉಳಿಯಬೇಕಾದರೆ

ಒಂದು ಲಕ್ಷ ಡಾಲರ್ ಭಯ ಮೊದಲು. 2025ರ ಸೆಪ್ಟೆಂಬರ್ 21ರಿಂದ ಒಂದು ವರ್ಷದ ಅವಧಿಗೆ ಬಂದ ಈ ಶುಲ್ಕ ತಾಗುವುದು ಆ ದಿನದ ನಂತರ, ಅಮೆರಿಕದ ಹೊರಗಿರುವ ಮತ್ತು ಚಾಲ್ತಿಯ ಎಚ್-1ಬಿ ವೀಸಾ ಇಲ್ಲದವರ ಪರವಾಗಿ ಸಲ್ಲಿಸುವ ಹೊಸ ಪಿಟಿಷನ್‌ಗೆ. ಅಮೆರಿಕದಲ್ಲಿದ್ದಾಗಲೇ ಎಕ್ಸ್‌ಟೆನ್ಷನ್ ಮಂಜೂರಾಗಿ, ಆ ಐ-797 ಹಿಡಿದು ಬರೀ ಸ್ಟ್ಯಾಂಪಿಂಗ್‌ಗೆ ಬಂದವರಿಗೆ ಅದು ಅನ್ವಯಿಸದು ಎಂದು ಅಕ್ಟೋಬರ್ 20ರ ಯುಎಸ್‌ಸಿಐಎಸ್ ವಿವರಣೆ ಹೇಳುತ್ತದೆ.

ಅಪಾಯ ಇರುವುದು ಬೇರೆ ಕಡೆ. ನೀವು ಇಲ್ಲಿ ಕಾಯುತ್ತಿರುವಾಗಲೇ ಐ-797ರ ಕೊನೆಯ ದಿನಾಂಕ ಬಂದುಬಿಟ್ಟರೆ ಕಂಪನಿ ಮತ್ತೆ ಪಿಟಿಷನ್ ಹಾಕಬೇಕಾಗುತ್ತದೆ. ಆಗ ನೀವು ಹೊರಗಿದ್ದೀರಿ, ವೀಸಾ ಮುಗಿದಿದೆ. ಶುಲ್ಕದ ಪ್ರಶ್ನೆ ಏಳುವುದು ಆಗ. ಆದ್ದರಿಂದ ಸಂದರ್ಶನದ ಹೊಸ ತಾರೀಖು ಬಂದ ಕೂಡಲೇ ಅದನ್ನು ಐ-797ರ ಕೊನೆಯ ತಾರೀಖಿನ ಪಕ್ಕ ಇಟ್ಟು ನೋಡಿ. ನಡುವೆ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಕಂಪನಿಯ ವಲಸೆ ವಕೀಲರಿಗೆ ಅವತ್ತೇ ಬರೆಯಿರಿ, ಮ್ಯಾನೇಜರ್ ಬರೆಯಲಿ ಎಂದು ಕಾಯಬೇಡಿ.

ಇಲ್ಲಿಂದ ಕೆಲಸ ಮಾಡುವ ವಿಚಾರವನ್ನೂ ಲಿಖಿತವಾಗಿ ತೀರ್ಮಾನಿಸಿಕೊಳ್ಳಬೇಕು. ಅಮೆರಿಕದ ಸಂಬಳ ಪಡೆಯುತ್ತ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕೂತು ಲ್ಯಾಪ್‌ಟಾಪ್ ತೆರೆದರೆ, ಕಂಪನಿಗೆ ಭಾರತದಲ್ಲಿ ತೆರಿಗೆ ಹೊಣೆ ಬರಬಹುದೆಂಬ ಅಂಜಿಕೆ ಇರುತ್ತದೆ. ಕೆಲವು ಯೋಜನೆಗಳ ಡೇಟಾ ದೇಶದಾಚೆ ತೆರೆಯುವಂತೆಯೇ ಇರುವುದಿಲ್ಲ. ಅದಕ್ಕೇ ಕಂಪನಿಗಳು ಕೆಲವು ವಾರಗಳ ಮಿತಿ ಹಾಕುತ್ತವೆ. ನೌಕರರ ಕಡೆಯಿಂದ, ಒಂದು ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನ ತುಂಬಿದರೆ ಆದಾಯ ತೆರಿಗೆ ಕಾನೂನಿನ ಪ್ರಕಾರ ನಿವಾಸಿಗಳಾಗುತ್ತೀರಿ, ಅಮೆರಿಕದ ಆದಾಯದ ಲೆಕ್ಕವನ್ನೂ ಇಲ್ಲಿ ಕೊಡಬೇಕಾದೀತು. ಇಲ್ಲಿನ ಆದಾಯ ದೊಡ್ಡದಿರುವವರಿಗೆ ಅದಕ್ಕೂ ಕಡಿಮೆ ದಿನಗಳ ಮಿತಿಯಿದೆ. ಲೆಕ್ಕ ಏಪ್ರಿಲ್ 1ರಿಂದ ಮತ್ತೆ ಶುರುವಾಗುವುದರಿಂದ ಡಿಸೆಂಬರ್‌ನಲ್ಲಿ ಬಂದವರಿಗೆ ಸಾಮಾನ್ಯವಾಗಿ ಆ ವರ್ಷ ತೊಂದರೆಯಿಲ್ಲ, ಮುಂದಿನ ವರ್ಷದ ದಿನಗಳನ್ನು ಎಣಿಸುತ್ತಿರಬೇಕು.

ಒಂದು ಸಮಾಧಾನವೂ ಇದೆ. ಎಚ್-1ಬಿಯ ಆರು ವರ್ಷದ ಮಿತಿಯಲ್ಲಿ ಅಮೆರಿಕದ ಹೊರಗೆ ಕಳೆದ ಪೂರ್ತಿ ದಿನಗಳು ಸೇರುವುದಿಲ್ಲ, ಅವನ್ನು ಆಮೇಲೆ ವಾಪಸ್ ಕೇಳಬಹುದು. ಅದಕ್ಕೆ ಪುರಾವೆ ಬೇಕು: ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್‌ನ ವಲಸೆ ಮುದ್ರೆ, ಐ-94 ಪ್ರಯಾಣ ಇತಿಹಾಸ ಇವನ್ನೆಲ್ಲ ಒಂದೇ ಕಡತದಲ್ಲಿಡಿ.

ಸ್ಲಾಟ್ ಹಿಡಿಯುವಾಗ

ಎಚ್, ಎಲ್ ವರ್ಗಗಳಿಗೆ ಅರ್ಜಿ ಶುಲ್ಕ 205 ಡಾಲರ್, ಬಿ1/ಬಿ2 ಮತ್ತು ಎಫ್-1ಗೆ 185 ಡಾಲರ್. ವಿದ್ಯಾರ್ಥಿಗಳು ಇದರ ಜೊತೆ ಪ್ರತ್ಯೇಕವಾಗಿ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ ಕಟ್ಟಬೇಕು. ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ, ರಸೀದಿ 365 ದಿನ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಅಪಾಯಿಂಟ್‌ಮೆಂಟ್ ಹಿಡಿದಿರಬೇಕು. 2025ರ ಜನವರಿ 1ರಿಂದ ಭಾರತದಲ್ಲಿ ತಾರೀಖು ಬದಲಿಸಲು ಒಂದೇ ಉಚಿತ ಅವಕಾಶ. ಎರಡನೇ ಸಲ ಬದಲಿಸಬೇಕಾದರೆ ಅಥವಾ ಸಂದರ್ಶನಕ್ಕೆ ಹೋಗದಿದ್ದರೆ ಮತ್ತೆ ಶುಲ್ಕ ಕಟ್ಟಿ ಮೊದಲಿಂದ ಶುರು ಮಾಡಬೇಕು. ಒಂದೆರಡು ವಾರ ಮುಂಚಿನ ತಾರೀಖು ಕಂಡಿತೆಂದು ಆ ಒಂದು ಅವಕಾಶವನ್ನು ಖರ್ಚು ಮಾಡಿಕೊಳ್ಳುವುದು ದುಬಾರಿಯಾಗುತ್ತದೆ.

ರದ್ದಾದ ಸ್ಲಾಟ್‌ಗಳು ಮತ್ತೆ ಪಟ್ಟಿಗೆ ಬರುತ್ತಿರುತ್ತವೆ. ಹಾಗೆಂದು ಜಾಲತಾಣವನ್ನು ನಿಮಿಷಕ್ಕೊಮ್ಮೆ ತೆರೆಯುತ್ತ ಕೂತರೆ ಖಾತೆಗೆ ತಾತ್ಕಾಲಿಕ ಬೀಗ ಬೀಳುತ್ತದೆ. ಹಣ ಕೊಟ್ಟರೆ ಬೇಗ ಸ್ಲಾಟ್ ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ಪಾಸ್‌ವರ್ಡ್ ಕೊಡುವುದು ಅದಕ್ಕಿಂತ ಕೆಟ್ಟದ್ದು. 2025ರ ಮಾರ್ಚ್‌ನಲ್ಲಿ ಭಾರತದ ಅಮೆರಿಕ ಕಾನ್ಸುಲರ್ ತಂಡ ಬಾಟ್‌ಗಳ ಮೂಲಕ ಹಿಡಿದಿದ್ದ ಸುಮಾರು 2,000 ಅಪಾಯಿಂಟ್‌ಮೆಂಟ್‌ಗಳನ್ನು ರದ್ದು ಮಾಡಿ, ಆ ಖಾತೆಗಳಿಗೆ ಸ್ಲಾಟ್ ಹಿಡಿಯುವ ಸೌಲಭ್ಯವನ್ನೇ ತಡೆಹಿಡಿಯಿತು. ಏಜೆಂಟರ ತಪ್ಪಿಗೆ ದಂಡ ತೆತ್ತದ್ದು ಅರ್ಜಿದಾರರು.

ತುರ್ತು ಅಪಾಯಿಂಟ್‌ಮೆಂಟ್ ಬಗ್ಗೆ ಒಂದು ಮಾತು, ನಮ್ಮ ಮನೆಗಳಲ್ಲಿ ಇದರಿಂದ ಬಹಳ ನಿರಾಸೆಯಾಗುತ್ತದೆ. ಮೊದಲು ಮಾಮೂಲಿ ತಾರೀಖು ಹಿಡಿದು, ಆಮೇಲೆ ತುರ್ತು ಕೋರಿಕೆ ಸಲ್ಲಿಸಬೇಕು. ಹತ್ತಿರದ ಸಂಬಂಧಿಯ ಸಾವು ಅಥವಾ ಗಂಭೀರ ಕಾಯಿಲೆ, ವೈದ್ಯಕೀಯ ಚಿಕಿತ್ಸೆ, ತರಗತಿ ಶುರುವಾಗುವ ದಿನ ಹತ್ತಿರವಾದ ವಿದ್ಯಾರ್ಥಿ, ಇಂಥ ಕಾರಣಗಳಿಗೆ ಅದು ಸಿಗಬಹುದು. ಮದುವೆ, ಗ್ರ್ಯಾಜುಯೇಷನ್, ಗರ್ಭಿಣಿ ಸಂಬಂಧಿಗೆ ನೆರವಾಗುವುದು ತುರ್ತು ಕಾರಣಗಳಲ್ಲ ಎಂದು ವಿದೇಶಾಂಗ ಇಲಾಖೆ ಸ್ಪಷ್ಟವಾಗಿ ಬರೆದಿದೆ. ಮಗಳ ಬಾಣಂತನಕ್ಕೆ ಹೋಗಬೇಕಾದ ಅಮ್ಮ ಹೆರಿಗೆಗೆ ಮೂರು ತಿಂಗಳಿದೆ ಎನ್ನುವಾಗ ಅರ್ಜಿ ಹಾಕಿದರೆ ತುರ್ತಿನ ದಾರಿ ತೆರೆಯದು. ಮಗಳು ವಿದೇಶದಲ್ಲಿ ನೆಲೆಸಿದಾಗಲೇ ವಿಸಿಟರ್ ವೀಸಾ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಅದು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ. ಈಗಾಗಲೇ ಪೂರ್ಣಾವಧಿಯ ಬಿ1/ಬಿ2 ಇದ್ದವರು ಅದು ಮುಗಿದ 12 ತಿಂಗಳೊಳಗೆ ನವೀಕರಣಕ್ಕೆ ಹಾಕಿದರೆ ಸಂದರ್ಶನವಿಲ್ಲದೆ ಮುಗಿಯುವ ಅವಕಾಶ ಈಗಲೂ ಉಳಿದಿದೆ. ಹದಿಮೂರನೇ ತಿಂಗಳಾದರೆ ಮತ್ತೆ ಉದ್ದ ಸರತಿ.

ಅರ್ಧ ಸಂದರ್ಶನ ನಡೆಯುವುದು ಡಿಎಸ್-160ರಲ್ಲಿ

ಕಿಟಕಿಯ ಆಚೆ ಇರುವ ಅಧಿಕಾರಿ ಫೈಲಿನ ಕಟ್ಟು ತೆರೆಯುವುದು ಅಪರೂಪ. ಅವರ ಮುಂದಿನ ಪರದೆಯಲ್ಲಿ ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿ ಇರುತ್ತದೆ, ಮಾತು ಶುರುವಾಗುವ ಮುಂಚೆಯೇ ಅವರು ಅದನ್ನು ಓದಿರುತ್ತಾರೆ. ಸಂದರ್ಶನಕ್ಕೆ ವಾರಗಟ್ಟಲೆ ತಾಲೀಮು ನಡೆಸುವವರು ಈ ಅರ್ಜಿಯನ್ನು ಮಾತ್ರ ಒಂದೇ ರಾತ್ರಿ ತುಂಬಿ ಕಳಿಸುತ್ತಾರೆ ಅಥವಾ ಏಜೆಂಟರಿಂದ ತುಂಬಿಸುತ್ತಾರೆ. ಎಡವುವುದು ಅಲ್ಲೇ.

ಈ ಜಾಲತಾಣ ಸುಮಾರು ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಮುಚ್ಚಿಕೊಳ್ಳುತ್ತದೆ. ಶುರುವಿನಲ್ಲಿ ಬರುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಪುಟಪುಟಕ್ಕೂ ಸೇವ್ ಮಾಡಿ. ಅರ್ಧ ತುಂಬಿದ ಅರ್ಜಿ 30 ದಿನ ಉಳಿಯುತ್ತದೆ. ಸಲ್ಲಿಸಿದ ಮೇಲೆ ತಿದ್ದಲು ಬರದು, ಹೊಸ ಅರ್ಜಿ ತುಂಬಬೇಕು. ಹೊಸ ಅರ್ಜಿಯ ಸಂಖ್ಯೆಯನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲೂ ಬದಲಿಸಬೇಕು, ಎರಡೂ ಹೊಂದದಿದ್ದರೆ ಬಾಗಿಲಲ್ಲೇ ತಡೆಯಾದೀತು.

ಕನ್ನಡಿಗರಿಗೆ ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವನ್ನು ಬಿಡಿಸಿ ಬರೆದು, ಎಲ್ಲವನ್ನೂ ಗಿವನ್ ನೇಮ್ ಜಾಗಕ್ಕೆ ಹಾಕಿ, ಸರ್‌ನೇಮ್ ಖಾಲಿ ಬಿಟ್ಟಿರುವುದು ಸಾಮಾನ್ಯ. ಆಗ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಅಚ್ಚಾಗುತ್ತದೆ. ಮುಂದೆ ಸೋಷಿಯಲ್ ಸೆಕ್ಯುರಿಟಿ, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಖಾತೆ ಎಲ್ಲ ಕಡೆ ಅದು ಬೆನ್ನು ಹತ್ತುತ್ತದೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದು ಪರಿಹಾರ, ಆದರೆ ಐ-20 (ವಿದ್ಯಾರ್ಥಿಗೆ ಕಾಲೇಜು ಕೊಡುವ ಪತ್ರ) ಅಥವಾ ಪಿಟಿಷನ್ ಆಗುವ ಮುಂಚೆ. ನಡುವೆ ಬದಲಿಸಿದರೆ ಐ-797ರಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು ಆಗಿ ಹೊಸ ತೊಡಕು ಹುಟ್ಟುತ್ತದೆ.

ಎರಡನೆಯದು, ‘ಹೌದು’ ಎನ್ನಬೇಕಾದ ಕಡೆ ‘ಇಲ್ಲ’ ಎನ್ನುವುದು. ನಿಮ್ಮ ಪರವಾಗಿ ಯಾರಾದರೂ ವಲಸೆ ಪಿಟಿಷನ್ ಹಾಕಿದ್ದಾರೆಯೇ ಎಂಬ ಪ್ರಶ್ನೆಗೆ, ಕಂಪನಿ ಗ್ರೀನ್ ಕಾರ್ಡ್‌ಗಾಗಿ ಐ-140 ಅರ್ಜಿ ಹಾಕಿದ್ದರೆ ಹೌದು. ಅಮೆರಿಕ ಪ್ರಜೆಯಾದ ಮಗ ಅಪ್ಪ-ಅಮ್ಮನಿಗೆ ಐ-130 ಎಂಬ ಕುಟುಂಬ ವಲಸೆ ಅರ್ಜಿ ಹಾಕಿದ್ದರೆ ಹೌದು. ಹಿಂದೆ ವೀಸಾ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಗೆ, ದಾಖಲೆ ಅಥವಾ ಪರಿಶೀಲನೆ ಬಾಕಿಯಿದೆ ಎನ್ನುವ 221(ಜಿ) ಚೀಟಿ ಕೊಟ್ಟಿದ್ದರೆ ಅದೂ ತಾಂತ್ರಿಕವಾಗಿ ನಿರಾಕರಣೆಯೇ, ಆಮೇಲೆ ವೀಸಾ ಬಂದಿದ್ದರೂ ಹೌದು ಎಂದು ಒಂದು ಸಾಲಿನ ವಿವರಣೆ ಕೊಡುವುದು ಕ್ಷೇಮ. ಇವೆಲ್ಲ ಅವರ ದಾಖಲೆಯಲ್ಲಿ ಮೊದಲೇ ಇರುವ ಸಂಗತಿಗಳು. ಮುಚ್ಚಿಟ್ಟದ್ದು ಸುಳ್ಳು ಹೇಳಿಕೆ ಎಂದು ತೀರ್ಮಾನವಾದರೆ 212(ಎ)(6)(ಸಿ) ಕಲಮಿನಡಿ ಜೀವನಪೂರ್ತಿ ಅನರ್ಹತೆ ಬರಬಹುದು.

ಸೋಷಿಯಲ್ ಮೀಡಿಯಾ ವಿಚಾರದಲ್ಲಿ, ಕಳೆದ ಐದು ವರ್ಷ ಬಳಸಿದ ಎಲ್ಲ ಖಾತೆಗಳ ಹೆಸರನ್ನೂ ಬರೆಯಬೇಕು, ಬಿಟ್ಟುಹೋದ ಹಳೆಯ ಖಾತೆಗಳೂ ಸೇರಿ. ಎಫ್, ಎಂ, ಜೆ (ವಿದ್ಯಾರ್ಥಿ ಮತ್ತು ವಿನಿಮಯ ಕಾರ್ಯಕ್ರಮದ ವೀಸಾಗಳು), ಎಚ್-1ಬಿ, ಎಚ್-4ರವರು ಪ್ರೊಫೈಲ್‌ಗಳನ್ನು ಸಾರ್ವಜನಿಕ ಮಾಡಿಡಬೇಕು. ಸಂದರ್ಶನದ ಹಿಂದಿನ ದಿನ ಖಾತೆ ಅಳಿಸಿಹಾಕುವುದು ಅನುಮಾನಕ್ಕೆ ಎಡೆ ಮಾಡುತ್ತದೆ. ಹೆಚ್ಚಿನ ಐಟಿ ನೌಕರರು ನಿಜವಾಗಿ ನೋಡಿಕೊಳ್ಳಬೇಕಾದದ್ದು ಲಿಂಕ್ಡ್‌ಇನ್. ಅಲ್ಲಿ 2019ರಿಂದ ಎಂದೂ ಡಿಎಸ್-160ರಲ್ಲಿ 2020ರಿಂದ ಎಂದೂ ಇದ್ದರೆ, ಅಲ್ಲಿ ಕ್ಲೈಂಟ್ ಹೆಸರನ್ನೇ ಕಂಪನಿ ಎಂದು ಬರೆದು ಅರ್ಜಿಯಲ್ಲಿ ಕನ್ಸಲ್ಟೆನ್ಸಿಯ ಹೆಸರಿದ್ದರೆ, ಪ್ರಶ್ನೆ ಬಂದೇ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತಿಂಗಳು, ವರ್ಷ, ಹುದ್ದೆ ಹೋಲಿಸಿ, ತಪ್ಪಿರುವ ಕಡೆ ಸರಿಪಡಿಸಿ.

ಕಿಟಕಿಯ ಮುಂದೆ

ಮೊದಲು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ, ಆಮೇಲೆ ಇನ್ನೊಂದು ದಿನ ಕಾನ್ಸುಲೇಟ್‌ನಲ್ಲಿ ಸಂದರ್ಶನ. ಅರ್ಜಿಯ ಫೋಟೊ 2 ಇಂಚು ಅಗಲ, 2 ಇಂಚು ಎತ್ತರ, ಬಿಳಿ ಹಿನ್ನೆಲೆ, ಆರು ತಿಂಗಳೊಳಗಿನದು, ಕನ್ನಡಕ ಇಲ್ಲದ್ದು. ಕಾನ್ಸುಲೇಟ್ ಒಳಗೆ ಮೊಬೈಲ್, ಬ್ಯಾಗ್ ಬಿಡುವುದಿಲ್ಲ. ಚೆನ್ನೈಯ ಅಣ್ಣಾ ಸಾಲೈನಲ್ಲಿ ಸಾಲಿನಲ್ಲಿ ನಿಂತ ಮೇಲೆ ಫೋನ್ ಎಲ್ಲಿಡುವುದು ಎಂದು ಹುಡುಕುವ ಬದಲು ಲಾಡ್ಜಿನಲ್ಲೇ ಬಿಟ್ಟು ಹೋಗಿ, ಅಪಾಯಿಂಟ್‌ಮೆಂಟ್ ಪತ್ರ, ಡಿಎಸ್-160 ದೃಢೀಕರಣ, ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ಪಾರದರ್ಶಕ ಫೋಲ್ಡರಿನಲ್ಲಿರಲಿ.

ಗಾಜಿನಾಚೆ ಅಧಿಕಾರಿ, ಈಚೆ ನಿಂತ ನೀವು. ಹೆಚ್ಚಿನವರಿಗೆ ಎರಡು ಮೂರು ನಿಮಿಷವಷ್ಟೇ. ಆದ್ದರಿಂದ ಉತ್ತರದ ಮೊದಲ ವಾಕ್ಯದಲ್ಲೇ ವಿಷಯ ಇರಬೇಕು. ‘ಏನು ಕೆಲಸ?’ ಎಂದರೆ ‘ಸಾಫ್ಟ್‌ವೇರ್’ ಎನ್ನುವುದರಿಂದ ಏನೂ ತಿಳಿಯದು, ಹತ್ತು ತಂತ್ರಜ್ಞಾನಗಳ ಹೆಸರು ಉದುರಿಸಿದರೂ ತಿಳಿಯದು. ‘ಆಸ್ಪತ್ರೆಗಳ ಬಿಲ್ಲಿಂಗ್ ತಂತ್ರಾಂಶದ ಡೇಟಾಬೇಸ್ ನೋಡಿಕೊಳ್ಳುತ್ತೇನೆ, ಡಲ್ಲಾಸ್ ಕಚೇರಿಯಲ್ಲಿ’ ಎಂದರೆ ತಿಳಿಯುತ್ತದೆ. ಎಚ್-1ಬಿಯವರ ಬಳಿ ಐ-797, ಪಿಟಿಷನ್ ಪ್ರತಿ, ಇತ್ತೀಚಿನ ಸಂಬಳ ಚೀಟಿಗಳು, ಡಬ್ಲ್ಯು-2 (ವರ್ಷದ ಸಂಬಳ ಮತ್ತು ತೆರಿಗೆಯ ಪತ್ರ), ಕಂಪನಿಯ ಪತ್ರ, ಬೇರೆ ಕಡೆ ಕೆಲಸವಾದರೆ ಕ್ಲೈಂಟ್ ಪತ್ರ ಇರಬೇಕು. ಪಿಟಿಷನ್‌ನಲ್ಲಿ ಬರೆದ ಸಂಬಳ, ಕೆಲಸದ ಸ್ಥಳ ಬಾಯಿಗೆ ಬರಬೇಕು. ಅದನ್ನು ವಕೀಲರು ಬರೆದಿರುತ್ತಾರೆ, ನೌಕರರು ಓದಿಯೇ ಇರುವುದಿಲ್ಲ.

ಎಚ್-1ಬಿ, ಎಲ್-1ರವರಿಗೆ ‘ವಾಪಸ್ ಬರುತ್ತೀರಾ?’ ಎಂಬ ಪರೀಕ್ಷೆ ಕಾನೂನಿನಲ್ಲಿಲ್ಲ, ಗ್ರೀನ್ ಕಾರ್ಡ್ ಆಸೆಯನ್ನು ಕಾನೂನು ಒಪ್ಪುತ್ತದೆ. ವಿದ್ಯಾರ್ಥಿಗಳಿಗೂ ವಿಸಿಟರ್‌ಗಳಿಗೂ ಇದು ತಿರುವುಮುರುವು. 214(ಬಿ) ಕಲಮು ಅವರನ್ನು ವಲಸೆ ಹೋಗುವವರೆಂದೇ ಭಾವಿಸಿ ಶುರು ಮಾಡುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು.

ಅಪ್ಪ-ಅಮ್ಮಂದಿರಿಗೆ ‘ಬರೀ ಪ್ರವಾಸ ಅಂತ ಹೇಳಿ, ಬಾಣಂತನ ಅನ್ನಬೇಡಿ’ ಎಂದು ಕಲಿಸಿ ಕಳಿಸುವವರಿದ್ದಾರೆ. ಇದು ಕೆಟ್ಟ ಸಲಹೆ. ಮಗಳ ಹೆರಿಗೆಯ ಹೊತ್ತಿಗೆ ಜೊತೆಗಿರಲು ಹೋಗುವುದು ಬಿ2ಗೆ ಒಪ್ಪುವ ಕಾರಣವೇ. ‘ಮಗಳಿಗೆ ಮೇ ತಿಂಗಳಲ್ಲಿ ಹೆರಿಗೆ. ಮೂರು ತಿಂಗಳಿದ್ದು ಬರುತ್ತೇವೆ. ಖರ್ಚು ಅಳಿಯ ನೋಡಿಕೊಳ್ಳುತ್ತಾರೆ. ಇಲ್ಲಿ ಮನೆ ಇದೆ, ದೊಡ್ಡ ಮಗ ಇದ್ದಾನೆ, ನನ್ನ ಪೆನ್ಷನ್ ಬರುತ್ತದೆ’ ಎಂದರೆ ಮುಗಿಯಿತು. ಮಗಳು ಯಾವ ಊರಲ್ಲಿ, ಅಳಿಯ ಯಾವ ಕಂಪನಿಯಲ್ಲಿ, ಯಾವ ವೀಸಾದಲ್ಲಿ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಇಂಗ್ಲಿಷ್ ಕಷ್ಟವಾದರೆ ಭಾರತೀಯ ಭಾಷೆಯಲ್ಲಿ ಮಾತನಾಡುವ ಅವಕಾಶವಿದೆ, ಯಾವ ಕೇಂದ್ರದಲ್ಲಿ ಯಾವ ಭಾಷೆ ಎಂಬುದನ್ನು ಸ್ಲಾಟ್ ಹಿಡಿಯುವಾಗಲೇ ನೋಡಿಕೊಳ್ಳಿ. ಬಾಯಿಪಾಠ ಮಾಡಿಸಿದ ಇಂಗ್ಲಿಷ್‌ಗಿಂತ ತಮ್ಮ ಭಾಷೆಯಲ್ಲಿ ಸಹಜವಾಗಿ ಹೇಳಿದ್ದು ಚೆನ್ನಾಗಿ ತಲುಪುತ್ತದೆ.

ವಿದ್ಯಾರ್ಥಿಗಳಲ್ಲಿ ಅಡಿಕೆ, ಕಾಫಿ ಬೆಳೆಗಾರರ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್‌ನಲ್ಲಿ ತೆರಿಗೆಗೊಳಪಡುವ ಆದಾಯ ತೀರ ಕಡಿಮೆ ಕಾಣುತ್ತದೆ. ಪಹಣಿ, ಸೊಸೈಟಿ ಅಥವಾ ಮಂಡಿಯಲ್ಲಿ ಮಾರಿದ ಬಿಲ್ಲುಗಳು, ಆ ಹಣ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಎಷ್ಟು ಎಕರೆ, ವರ್ಷಕ್ಕೆ ಎಷ್ಟು ಕ್ವಿಂಟಲ್, ಎಷ್ಟು ಹಣ ಎಂದು ಒಂದೇ ಉಸಿರಿನಲ್ಲಿ ಹೇಳಲು ಬರಬೇಕು. ಐ-20ಯಲ್ಲಿ ಬರೆದ ಮೊದಲ ವರ್ಷದ ಖರ್ಚಿಗೆ ಸಾಲ ಎಷ್ಟು, ಸ್ವಂತದ್ದು ಎಷ್ಟು ಎಂಬ ಲೆಕ್ಕ ಕೂಡಬೇಕು.

ಚೀಟಿ ಕೊಟ್ಟರೆ

214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ. ಮತ್ತೆ ಅರ್ಜಿ ಹಾಕಲು ಕಾಯಬೇಕಾದ ಅವಧಿಯೂ ಇಲ್ಲ. ಆದರೆ ಪರಿಸ್ಥಿತಿಯಲ್ಲಿ ಏನೂ ಬದಲಾಗದೆ ಮರುತಿಂಗಳೇ ಶುಲ್ಕ ಕಟ್ಟಿದರೆ ಅದೇ ಉತ್ತರ ಬರುವ ಸಾಧ್ಯತೆ ಹೆಚ್ಚು.

221(ಜಿ) ಬೇರೆ. ದಾಖಲೆ ಬಾಕಿಯಿದೆ ಅಥವಾ ಪರಿಶೀಲನೆ ನಡೆಯಬೇಕಿದೆ ಎಂದು ಅರ್ಥ. ಸೋಷಿಯಲ್ ಮೀಡಿಯಾ ತಪಾಸಣೆ ಬಂದ ಮೇಲೆ ಈ ಚೀಟಿ ಹೆಚ್ಚು ಜನರ ಕೈಗೆ ಬರುತ್ತಿದೆ. ಆನ್‌ಲೈನ್‌ನಲ್ಲಿ ನೋಡಿದರೆ ‘ರೆಫ್ಯೂಸ್ಡ್’ ಎಂದೇ ತೋರಿಸುತ್ತದೆ, ಅದನ್ನು ಕಂಡು ಗಾಬರಿಯಾಗಿ ಕೆಲಸ ಬಿಡುವ, ಟಿಕೆಟ್ ರದ್ದು ಮಾಡುವ ತೀರ್ಮಾನಕ್ಕೆ ಬರಬೇಡಿ. ಚೀಟಿಯಲ್ಲಿ ಕೇಳಿದ ದಾಖಲೆಯನ್ನಷ್ಟೇ, ಕೇಳಿದ ದಾರಿಯಲ್ಲೇ ಕಳಿಸಿ. ಒಂದು ವರ್ಷದೊಳಗೆ ಕೊಡದಿದ್ದರೆ ಹೊಸ ಅರ್ಜಿ, ಹೊಸ ಶುಲ್ಕ. ಪರಿಶೀಲನೆ ಎಷ್ಟು ದಿನ ಎಂಬುದಕ್ಕೆ ಮಿತಿಯಿಲ್ಲದ ಕಾರಣ ವಾಪಸ್ಸಿನ ಟಿಕೆಟ್ ತಾರೀಖು ಬದಲಿಸುವಂಥದ್ದಿರಲಿ.

ಪಾಸ್‌ಪೋರ್ಟ್ ಬಂದಾಗ ಕೇಂದ್ರದಿಂದ ಹೊರಡುವ ಮುಂಚೆಯೇ ಸ್ಟ್ಯಾಂಪ್ ಓದಿ: ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ, ವೀಸಾ ವರ್ಗ, ಪಿಟಿಷನ್ ಸಂಖ್ಯೆ, ಕೊನೆಯ ದಿನಾಂಕ. ತಪ್ಪಿದ್ದರೆ ಇಲ್ಲಿರುವಾಗಲೇ ಸರಿಪಡಿಸಲು ಕೋರಬೇಕು. ಅಮೆರಿಕದಲ್ಲಿ ಇಳಿದ ಮೇಲೆ ಐ-94 ಅನ್ನು ಆನ್‌ಲೈನ್‌ನಲ್ಲಿ ಇಳಿಸಿಕೊಂಡು ಕೊನೆಯ ದಿನಾಂಕ ನೋಡಿ. ಪಾಸ್‌ಪೋರ್ಟ್ ಅವಧಿ ಪಿಟಿಷನ್‌ಗಿಂತ ಮೊದಲೇ ಮುಗಿಯುವಂತಿದ್ದರೆ ಐ-94 ಕೂಡ ಪಾಸ್‌ಪೋರ್ಟ್‌ನ ದಿನಕ್ಕೇ ನಿಲ್ಲಬಹುದು. ಇದನ್ನು ಗಮನಿಸದೆ ಐ-797ರ ದಿನಾಂಕವನ್ನೇ ನಂಬಿ ಕೂತು ಸ್ಟೇಟಸ್ ಕಳೆದುಕೊಂಡವರಿದ್ದಾರೆ. ಹಾಗಾಗಿ ಊರಲ್ಲಿ ಕಾಯುವ ತಿಂಗಳುಗಳಲ್ಲೇ, ಪಾಸ್‌ಪೋರ್ಟ್ ಅವಧಿ ಕಡಿಮೆಯಿದ್ದರೆ, ಸಂದರ್ಶನಕ್ಕೆ ಸಾಕಷ್ಟು ಮುಂಚೆ ಅದನ್ನು ನವೀಕರಿಸಿ, ಹೊಸ ಸಂಖ್ಯೆಯನ್ನು ಡಿಎಸ್-160ರಲ್ಲೂ ಅಪಾಯಿಂಟ್‌ಮೆಂಟ್ ಖಾತೆಯಲ್ಲೂ ಹಾಕಿಕೊಳ್ಳಿ.